ಅಪ್ಪನ ಗಂಜಿ ಚಮಚ

ಯಾಕೆ ನಗ್ತೀಯಾ? ಹೌದಮ್ಮ ತಂಗೀ, ಈ ಕೆತ್ತನೆ ಶೆಡ್ಡು ನಂದೇ! ಅಪ್ಪನೇ ಬಾಯಾರೆ ಹೇಳಿ ಹೋಗಿದ್ದು. "ಈ ಚಮಚ ಕೆತ್ತಿದೋರಿಗೇ ಶೆಡ್ಡು" ಅಂದ್ರು. ಯಾವ ಚಮಚ ಅಂತಾನಾ? ಅದೆಲ್ಲ ನಿನಗ್ಯಾಕೆ? ಅವರು ಹೋಗಿ ತಿಂಗಳಾಗಿಲ್ಲ, ಆಗ್ಲೇ "ಅಣ್ಣಾ, ನನಗೊಂದು ಮೂಲೆ ಕೊಡು, ನಾನೂ ಕೆತ್ತುತೀನಿ" ಅಂತ ಬಂದ್ಬಿಟ್ಟಳು ಮಹಾರಾಣಿ!

ಕೆತ್ತೋದು ಅಂದ್ರೆ ಏನಂದ್ಕೊಂಡಿದೀಯಾ? ಹಸಿ ಮರ ಸೀಳಬೇಕು, ಕೊಡಲಿಯಲ್ಲೇ ಚಮಚದ ಹಿಡಿ ಬಿಡಿಸಬೇಕು. ನೀನು ಎಡಚಿ! ಎಲ್ಲರ ಕೊಡಲಿ ಒಂದು ಮಗ್ಗುಲಿಗೆ ಮಸೆದಿದ್ರೆ, ನಿನ್ನದನ್ನ ಮಾತ್ರ ಅಪ್ಪ ಇನ್ನೊಂದು ಮಗ್ಗುಲಿಗೆ ಮಸೆದು ಕೊಡಬೇಕಿತ್ತು. ಅದಿಲ್ದೆ ಇದ್ರೆ ಕೊಡಲಿ ಸರಿಯಿಲ್ಲ ಅಂತ ಗೋಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಏಯ್... ಆ ಬಟ್ಟೆಗಂಟು ಯಾಕೆ ಬಿಚ್ತೀಯಾ? ಇಡೇ ಅಲ್ಲಿ! ಹೂಂ, ಅದೇ ಚಮಚ. ಈಗ ಸಮಾಧಾನವಾ? ನೀನು ಗಂಜಿ ಕಾಯಿಸಿ ಕೊಡ್ತಿದ್ದೆ, ಹಾಸಿಗೆ ಹಿಡಿದಿದ್ದ ಅಪ್ಪಂಗೆ ನಾನು ಅದರಲ್ಲೇ ಕುಡಿಸ್ತಿದ್ದೆ. "ಒಡೆದ ತುಟಿಗೂ ನೋಯಲ್ಲ ಕಣೋ" ಅಂದ್ರು. ಉಪ್ಪುಕಾಗದ ಉಜ್ಜಿಲ್ಲ ನೋಡು, ಬರೀ ಕೊಡಲಿ, ಬರೀ ಚಾಕು. ನಿನ್ನ ಏಳು ಜನ್ಮಕ್ಕೂ ಆಗಲ್ಲ!

ಯಾಕೆ ಕಿಟಕಿ ಹತ್ರ ಒಯ್ತೀಯಾ? ಹಿಡಿ ಮೇಲೆ ಕೊಡಲಿ ಗೆರೆ ಇದ್ದೇ ಇರುತ್ತೆ. ನನ್ನ ಗೆರೆಗೆ ಉಲ್ಟಾ ವಾಲಿದ್ರೇನು? ಮರದ ಎಳೆ ಹಾಗಿತ್ತು... ಅಲ್ಲ, ಅವತ್ತು ನಾನು ಆ ಕಡೆ ತಿರುಗಿ ಕೂತಿದ್ದೆ... ಅಯ್ಯೋ, ನಿನ್ನ ಕೊಡಲಿ ಯಾಕೆ ತೆಗೆದೆ? ಎಡಗೈಲಿ ಹಿಡಿದು ಆ ಗೆರೆ ಮೇಲೆ ಯಾಕೆ ಇಡ್ತೀಯಾ?

ಸರಿಯಾಗಿ ಕೂತ್ಕೊಳ್ತು. ಕೂತ್ಕೊಳ್ಳಲಿ! ಅದಕ್ಕೇನೀಗ? ಬಾಯಿ ಬಿಡೇ! ಕಳ್ಳ ಅನ್ನು, ಬೈಯಿ, ಊರೆಲ್ಲ ಕೂಗಿ ಹೇಳು! ಏನಾದ್ರೂ ಅನ್ನು ಮಾರಾಯ್ತಿ...

ಮೊದಲ ದಿನ ಗಂಜಿ ಕುಡಿಸೋಕೆ ಕೈಗೆ ಸಿಕ್ಕಿದ ಚಮಚ ತಗೊಂಡು ಹೋಗಿದ್ದೆ ಕಣೆ, ನಿಂದು ಅಂತ ನೋಡಿದ ತಕ್ಷಣ ಗೊತ್ತಾಯ್ತು. "ಯಾರು ಕೆತ್ತಿದ್ದೋ ಇದು?" ಅಂತ ಅಪ್ಪ ಕೇಳಿದ್ರು. ನೀನು ಒಲೆ ಮುಂದೆ ಇದ್ದೆ. ನಿನ್ನ ಹೆಸರು ನಾಲಿಗೆ ತುದಿಗೆ ಬಂದಿತ್ತು, ನಿನ್ನಾಣೆಗೂ ಬಂದಿತ್ತು. ಮೂವತ್ತು ವರ್ಷ ಅವರ ಪಕ್ಕದಲ್ಲೇ ಕೂತು ಕೆತ್ತಿದೀನಿ, ಒಂದು ದಿನ ಚೆನ್ನಾಗಿದೆ ಅಂದೋರಲ್ಲ.

"ನಾನೇ ಅಪ್ಪಾ" ಅಂದೆ. ಕೈ ಎತ್ತೋಕೆ ಆಗ್ತಿರಲಿಲ್ಲ ಅವರಿಗೆ. ಆದ್ರೂ ಎತ್ತಿ, ನನ್ನ ತಲೆ ಸವರಿದ್ರು.