ಚಳಿಗಾಲದ ನಾಟಿ ಮೊಟ್ಟೆ

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಉಳವಿಯ ಕೆರಿಯಮ್ಮ ಪೇಟೆಯ ಹಮೀದಾಗೆ ನಾಟಿ ಮೊಟ್ಟೆಯ ಬುಟ್ಟಿ ಚಾಚಿದರು. ಹಮೀದಾ ಮುಟ್ಟಲಿಲ್ಲ. ನಾನು ಪಕ್ಕದ ಬೆಂಚಿನಲ್ಲಿದ್ದೆ.

“ಈ ಚಳೀಲಿ ಯಾರ ಕೋಳಿನೂ ಇಡ್ತಿಲ್ಲ. ನಿಮ್ಮವು ಹೆಂಗೆ ಇಡ್ತವೆ?”

“ಗೂಡಿಗೆ ಬಲ್ಬ್ ಹಾಕೀನಿ, ಹಮೀದಕ್ಕ. ಬೆಳಕು ಜಾಸ್ತಿ ಸಿಕ್ರೆ ಇಡ್ತವೆ.”

“ನೀವು ಹೋದ ಸಲ ಕೊಟ್ಟಿದ್ದನ್ನ ನಿನ್ನೆ ಬಾಣಂತಿ ಮಗಳಿಗೆ ಅಂತ ಬೇಯ್ಸಿದೆ. ನೀರು ಚಾ ಬಣ್ಣ ಆತು. ಮೊಟ್ಟೆ ಸಿಪ್ಪೆ ಬೆಳ್ಳಗಾತು.”

ಕೆರಿಯಮ್ಮ ತಲೆ ಎತ್ತಲಿಲ್ಲ.

“ಬಲ್ಬ್ ಹಾಕಿದ್ದು ನಿಜ ಅಕ್ಕ. ಆದ್ರೂ ಇಡ್ಲಿಲ್ಲ. ಬಾಣಂತಿಗೆ ಕೊಡ್ತೀನಿ ಅಂದಿದ್ನಲ್ಲ, ಅಂಗಡಿ ಮೊಟ್ಟೆನ ಚಾ ಡಿಕಾಕ್ಷನ್ನಲ್ಲಿ ಅದ್ದಿದೆ.”

“ಇವು?”

“ಇವೂ ಅವೇ.”

ಬಸ್ ಬಂತು. ಹಮೀದಾ ಬುಟ್ಟಿ ತೆಗೆದುಕೊಂಡರು.

“ಮಗಳಿಗೆ ಹೇಳಿಲ್ಲ ಬಿಡಿ. ಇನ್ಮೇಲೆ ಸಿಪ್ಪೆ ಸುಲಿದೇ ಅವಳಿಗೆ ಕೊಡ್ತೀನಿ.”

ನಾನೂ ಹತ್ತಿದ ಆ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೆರಿಯಮ್ಮ ಉಳವಿಯವರೆಗೂ ನಿಂತೇ ಬಂದರು.