ಕಡಲಜ್ಜಿಗೆ ಕಳಿಸಿದ ಕೈ

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಕೊನೆಯ ಭಾಗದಲ್ಲಿ ನಾನೂ ಇದ್ದೆ. ದೀಪ ಸಣ್ಣ ಮಾಡಿಕೊಂಡರೆ ಪರವಾಗಿಲ್ಲ, ಪೂರ್ತಿ ಆರಿಸಬೇಡಿ.

ಅವತ್ತು ಅಕ್ಕ ಹೊಲಿಗೆ ಶೆಡ್ಡಿನಿಂದ ಹೊರಟಾಗ ರಾತ್ರಿ ಹತ್ತು ದಾಟಿತ್ತು. ಯಾವುದೋ ಆಸ್ಪತ್ರೆಗೆ ಬೆಳಿಗ್ಗೆ ದಿಂಬಿನ ಚೀಲ ಹೋಗಬೇಕಿತ್ತು. ಉಳಿದ ಹೆಂಗಸರು ಸೊಂಟ ಹಿಡಿದುಕೊಂಡು ಒಬ್ಬೊಬ್ಬರೇ ಎದ್ದು ಹೋಗಿದ್ದರು. ಶೆಡ್ಡಿಗೂ ವಿಧವೆಯರ ಸಾಲುಮನೆಗೂ ನಡುವೆ ನೂರು ಹೆಜ್ಜೆ. ಆ ನೂರು ಹೆಜ್ಜೆಯ ಮಧ್ಯೆ ಬಾವಿ.

ಬಾವಿಯ ಹತ್ತಿರ ಬಂದಾಗ ಸದ್ದು ಕೇಳಿಸಿತು.

ಸರ್ರ್... ಸರ್ರ್... ಸರ್ರ್... ಸರ್ರ್... ಸರ್.

ಹಗ್ಗದ ಸದ್ದಲ್ಲ. ಇಲಿಯದೂ ಅಲ್ಲ. ಕಲ್ಲಿನ ಮೇಲೆ ಕಾಗದ ಇಟ್ಟು, ಪೆನ್ಸಿಲನ್ನು ಒತ್ತಿ ಎಳೆದ ಹಾಗೆ. ನಾಲ್ಕು ಉದ್ದ, ಒಂದು ಗಿಡ್ಡ. ನಿಂತಿತು... ಮತ್ತೆ ಮೊದಲಿನಿಂದ.

ಬೇರೆ ಯಾರಾದರೂ ಆಗಿದ್ದರೆ ಏನೋ ಇರಬೇಕು ಅಂತ ನಡೆದುಬಿಡುತ್ತಿದ್ದರು. ಅಕ್ಕನ ಕಾಲು ಮಾತ್ರ ಅಲ್ಲೇ ಹೂತುಹೋಯಿತು. ಅದೇನು ಅಂತ ಅವಳಿಗೆ ಗೊತ್ತಿತ್ತು. ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾವ ತೀರಿಕೊಂಡ ಮೇಲೆ ಅಕ್ಕ ಏಳು ವರ್ಷದ ಮಗಳನ್ನು ಕರೆದುಕೊಂಡು ಆ ಮಿಷನ್ ಮನೆ ಸೇರಿದ್ದಳು. ನಡುವೆ ಪ್ರಾರ್ಥನಾಮಂದಿರ, ಒಂದು ಕಡೆ ಅನಾಥ ಮಕ್ಕಳ ಹಾಲ್, ಇನ್ನೊಂದು ಕಡೆ ವಿಧವೆಯರ ಸಾಲು. ನಡೆಯುತ್ತಿದ್ದದ್ದೆಲ್ಲ ಕಡಲಾಚೆಯ ಚರ್ಚಿನವರ ದಯೆಯಿಂದ. ಒಂದೊಂದು ಅನಾಥ ಮಗುವಿಗೂ ಆಚೆ ದಡದಲ್ಲಿ ಒಬ್ಬರು ಪೋಷಕರು. ಊಟ, ಓದು, ಬಟ್ಟೆ ಎಲ್ಲಾ ಅವರ ಲೆಕ್ಕ. ವಿಧವೆಯರ ಮಕ್ಕಳಿಗೆ ಹಾಗಿಲ್ಲ, ತಾಯಿ ಇದ್ದಾಳಲ್ಲ. ಹತ್ತು ತುಂಬುವವರೆಗೆ ಇರಬಹುದು. ಆಮೇಲೆ ಯಾರಾದರೂ ಪೋಷಕರು ಕೈ ಹಿಡಿದರೆ ಸರಿ, ಇಲ್ಲವಾದರೆ ತಾಯಿ ಮಗಳು ಇಬ್ಬರೂ ಗಂಟು ಕಟ್ಟಬೇಕು.

ವರ್ಷಕ್ಕೊಮ್ಮೆ ಪೋಷಕರಿಗೆ ಮಗುವಿನ ಕಾಗದ ಹೋಗುತ್ತಿತ್ತು, ಜೊತೆಗೊಂದು ಫೋಟೋ. ಅಕ್ಕನ ಅಕ್ಷರ ದುಂಡಗಿದ್ದದ್ದರಿಂದ ಬರೆಯುವ ಕೆಲಸ ಅವಳದು. ಒಬ್ಬ ಅಜ್ಜಿಗೆ ಮಾತ್ರ ಫೋಟೋ ಬೇಡವಾಗಿತ್ತು. ಅವಳಿಗೆ ಕಣ್ಣು ಹೋಗಿತ್ತು. ನಮ್ಮ ಭಾಷೆ ಬಲ್ಲ ನರ್ಸ್ ಒಬ್ಬಳು ಕಾಗದ ಓದಿ ಹೇಳುತ್ತಿದ್ದಳು, ಅಜ್ಜಿ ಹೇಳಿದ್ದನ್ನು ಬರೆದು ಕಳಿಸುತ್ತಿದ್ದಳು. ಮಗುವಿನ ಅಂಗೈ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಿರಿ, ಗಟ್ಟಿಯಾಗಿ ಒತ್ತಿ ಎಳೆಯಿರಿ, ಆ ಗೀರಿನ ಮೇಲೆ ಬೆರಳಾಡಿಸಿ ನಾನು ನೋಡಿಕೊಳ್ಳುತ್ತೇನೆ ಅಂತ ಅಜ್ಜಿಯ ಮಾತು. ಮಕ್ಕಳೆಲ್ಲ ಅವಳಿಗೆ ಕಡಲಜ್ಜಿ ಅನ್ನುತ್ತಿದ್ದರು.

ಕಡಲಜ್ಜಿಯ ಮಗು ಒಂಬತ್ತು ವರ್ಷದ ಮೋಟಿ. ಬಾವಿಯ ಗಾಲಿಗೆ ಸಿಕ್ಕಿ ಬಲಗೈ ಕಿರುಬೆರಳು ಅರ್ಧ ಹೋಗಿತ್ತು, ಅದಕ್ಕೇ ಆ ಹೆಸರು. ಅವಳಿಗೆ ಬೇಜಾರಿರಲಿಲ್ಲ. ನಿಮ್ಮ ಕೈಯೆಲ್ಲ ಒಂದೇ ಥರ, ನನ್ನದನ್ನ ಮಾತ್ರ ಅಜ್ಜಿ ಮುಟ್ಟಿದ ಕೂಡಲೇ ಕಂಡುಹಿಡೀತಾಳೆ ಅಂತ ಉಳಿದವರ ಹೊಟ್ಟೆ ಉರಿಸುತ್ತಿದ್ದಳು. ಮೂರೇ ದಿನದ ಜ್ವರ. ನಾಲ್ಕನೇ ದಿನ ಪ್ರಾರ್ಥನಾಮಂದಿರದ ಗೋಡೆಯ ಹಿಂದೆ ಅವಳಿಗೆ ಜಾಗ ಅಗೆದರು.

ಆ ಮನೆಯ ಮೇಲ್ವಿಚಾರಕಿಗೆ ಗಂಟೆಯಮ್ಮ ಅಂತ ಅಡ್ಡಹೆಸರು. ಏಳಲು, ಉಣ್ಣಲು, ಮಲಗಲು ಎಲ್ಲದಕ್ಕೂ ಗಂಟೆ ಬಾರಿಸುವವಳು. ಕೆಟ್ಟವಳೇನಲ್ಲ. ಅವಳು ಅಕ್ಕನನ್ನು ಕರೆದು ಬಾಗಿಲು ಹಾಕಿದಳು.

"ನಿನ್ನ ಮಗಳಿಗೆ ಬರೋ ತಿಂಗಳು ಹತ್ತು ತುಂಬುತ್ತೆ ಅಲ್ವೇನಮ್ಮ?"

"ಹೌದು ಮೇಡಂ."

"ಕಡಲಜ್ಜಿಗೆ ಕಣ್ಣಿಲ್ಲ. ಸುದ್ದಿ ತಿಳಿದರೆ ಆ ಜೀವವೂ ಉಳಿಯಲ್ಲ, ನಿನ್ನ ಮಗಳಿಗೂ ಜಾಗ ಇಲ್ಲ... ಕಿರುಬೆರಳೊಂದು ಮಡಿಸಿ ಇಟ್ಟರೆ ಆಯ್ತು, ಮೋಟಿಯ ಲೆಕ್ಕದಲ್ಲಿ ನಿನ್ನ ಮಗಳು ಇಲ್ಲೇ ಉಳೀತಾಳೆ."

ಅಕ್ಕ ಮಡಿಸಿದಳು. ಮಗಳ ಕೈಯನ್ನು ಹಾಳೆಯ ಮೇಲೆ ಒತ್ತಿ, ಕಿರುಬೆರಳಿನ ತುದಿಯನ್ನು ಒಳಕ್ಕೆ ಬಗ್ಗಿಸಿ ಹಿಡಿದು, ಸುತ್ತ ಪೆನ್ಸಿಲ್ ಎಳೆದಳು. ಕೆಳಗೆ ಮೋಟಿಯ ಹೆಸರು ಬರೆದಳು. ಕಾಗದ ಹೋಯಿತು.

ಬಾವಿಯ ಹತ್ತಿರ ಸದ್ದು ಕೇಳಿಸಿದ್ದು ಅದಾದ ಎಂಟನೇ ರಾತ್ರಿ. ಅಕ್ಕ ಓಡಿಬಂದು ಅಗಳಿ ಹಾಕಿದಳು. ಮಗಳು ಮಲಗಿದ್ದಳು. ಬಲಗೈ ಕಿರುಬೆರಳು ಒಳಕ್ಕೆ ಮಡಿಸಿಕೊಂಡಿತ್ತು. ಮುಟ್ಟಿದರೆ ಆ ಬೆರಳೊಂದು ಮಾತ್ರ ಬಾವಿಯ ನೀರಿನ ಹಾಗೆ ತಣ್ಣಗೆ.

ಬೆಳಿಗ್ಗೆ ಬಿಡಿಸಲು ಹೋದರೆ ಬರಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿದಳು, ಬಿಸಿನೀರಲ್ಲಿ ಅದ್ದಿದಳು. ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ನೆಟ್ಟಗಿದೆ, ಹುಡುಗಿ ಶಾಲೆಗೆ ಚಕ್ಕರ್ ಹೊಡೆಯಲು ಆಟ ಕಟ್ಟಿದ್ದಾಳೆ ಅಂತ ನಕ್ಕರು. ದಾರಿಯಲ್ಲಿ ಮಗಳು ಮೆಲ್ಲಗೆ ಹೇಳಿದಳು.

"ಅಮ್ಮ, ನಾನು ಮಡಿಸಿಲ್ಲ. ಅವಳು ಹಿಡ್ಕೊಂಡಿದ್ದಾಳೆ."

ಎರಡು ವಾರದಲ್ಲಿ ಪಕ್ಕದ ಬೆರಳೂ ಬಗ್ಗತೊಡಗಿತು. ಅದೂ ತಣ್ಣಗೆ. ಅನ್ನ ಕಲಸಲು ಆಗುತ್ತಿರಲಿಲ್ಲ, ತಾಯಿಯೇ ತಿನ್ನಿಸಬೇಕು. ತಣ್ಣನೆಯದು ನಿಧಾನವಾಗಿ ಅಂಗೈಗೆ ಇಳಿಯುತ್ತಿತ್ತು.

ಒಂದು ರಾತ್ರಿ ಅಕ್ಕ ತಾನಾಗಿಯೇ ಬಾವಿಯ ಹತ್ತಿರ ಹೋಗಿ ನಿಂತಳು. ಸರ್ರ್... ಸರ್ರ್... ಸರ್ರ್... ಸರ್ರ್... ಸರ್. ಕಲ್ಲಿನ ಮೇಲೆ ಏನೂ ಕಾಣಿಸಲಿಲ್ಲ.

"ನನ್ನ ಮಗಳು ಏನು ಮಾಡಿದ್ದಾಳೆ? ಮಡಿಸಿದ್ದು ನಾನು," ಅಂದಳು.

ಸದ್ದು ನಿಂತಿತು. ಬಾವಿಯ ಒಳಗೆ ಒಂದು ಹನಿ ಬಿತ್ತು... ಟಪ್. ಆಮೇಲೆ ಕಿವಿಯ ಪಕ್ಕದಲ್ಲೇ, ಪಿಸುಮಾತಲ್ಲಿ:

"ಅಕ್ಕಾ... ಅಜ್ಜಿ ಬೇರೆ ಕೈ ಸವರ್ತಿದ್ದಾಳೆ."

ಅಷ್ಟೇ.

ನಾನು ಅಲ್ಲಿಗೆ ಹೋದದ್ದು ಅದರ ಮರುದಿನ. ಒಂದೂರಲ್ಲಿ ಬೇರು ಬಿಡುವವನಲ್ಲ ನಾನು. ಕಿಟಕಿಗಳಿಗೆ ಬಣ್ಣ ಬಳಿಯುವ ಕೆಲಸವಿದೆ ಅಂತ ಅಕ್ಕ ಹೇಳಿಕಳಿಸಿದ್ದಳು. ಸಾಲುಮನೆಯ ಹೆಂಗಸರು, ಬಂದ ನೋಡಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡವನು, ಬಣ್ಣ ಒಣಗೋ ತನಕವಾದರೂ ಇರ್ತೀಯೇನಪ್ಪ ಅಂತ ರೇಗಿಸಿದರು. ಅಕ್ಕ ನಗಲಿಲ್ಲ. ಒಳಗೆ ಕರೆದು ಮಗಳ ಕೈ ತೋರಿಸಿದಳು. ನಾನೂ ಮುಟ್ಟಿದೆ. ಕಬ್ಬಿಣದ ಕೊಕ್ಕೆ ಮುಟ್ಟಿದ ಹಾಗಿತ್ತು.

"ನಿಜ ಬರೆದುಬಿಡ್ತೀನಿ ಕಣೋ," ಅಂದಳು.

"ಬರೆದರೆ ಇಲ್ಲಿಂದ ಹೊರಗೆ, ಅಕ್ಕ. ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೋ. ಮಗಳಿಗೆ ಕೈ ಇರುತ್ತಲ್ಲ."

ಒಂದೇ ಹಾಳೆ ಬರೆದಳು. ಮೋಟಿ ತೀರಿಹೋದಳು, ಆ ಕೈ ಅವಳದಲ್ಲ, ಮಡಿಸಿದವಳು ನಾನು, ಕ್ಷಮಿಸಿ ಅಂತ. ಗಂಟೆಯಮ್ಮನ ಹೆಸರು ಎತ್ತಲಿಲ್ಲ. ಇದನ್ನು ಸರಿಯಾಗಿ ಕೇಳಿ... ಆ ಹಾಳೆಯನ್ನು ಮಡಚಿ ಕವರಿಗೆ ಹಾಕಿದವನು ನಾನು. ಅಂಟು ಹಚ್ಚಿದವನು ನಾನು. ಮೂರು ಮೈಲಿ ಸೈಕಲ್ ತುಳಿದು ಪೋಸ್ಟಾಫೀಸಿನ ಕಿಟಕಿಯಲ್ಲಿ ಕೊಟ್ಟವನೂ ನಾನೇ. ದಾರಿಯಲ್ಲಿ ಎಲ್ಲೂ ಇಳಿಯಲಿಲ್ಲ.

ವಾಪಸು ಬಂದಾಗ ಹುಡುಗಿ ಮೆಟ್ಟಿಲ ಮೇಲೆ ಕೂತು ಐದು ಬೆರಳೂ ಅಗಲಿಸಿ ನೋಡಿಕೊಳ್ಳುತ್ತಿದ್ದಳು. ಅಕ್ಕ ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದಳು. ಬೆಚ್ಚಗಿತ್ತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಒಂದೂವರೆ ತಿಂಗಳಾದ ಮೇಲೆ ನರ್ಸ್ ಬರೆದಳು. ನಿಮ್ಮ ಕಾಗದ ಓದಿ ಹೇಳಿದೆ, ಅಜ್ಜಿ ಅಳಲಿಲ್ಲ, ಕವರಿನಲ್ಲಿದ್ದ ಇನ್ನೊಂದು ಹಾಳೆ ಕೊಡು ಅಂದರು, ರಾತ್ರಿಯೆಲ್ಲ ಅದರ ಮೇಲೆ ಬೆರಳಾಡಿಸುತ್ತಾ ಇವಳೇ ನನ್ನ ಮಗು ಅನ್ನುತ್ತಿದ್ದರು. ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದಾಗ ಅಜ್ಜಿ ಹೋಗಿಬಿಟ್ಟಿದ್ದರು, ಕೈ ಆ ಹಾಳೆಯ ಮೇಲೇ ಇತ್ತು. ನಿಮ್ಮದನ್ನು ನಿಮಗೇ ಕಳಿಸುತ್ತಿದ್ದೇನೆ ಅಂತ.

ಜೊತೆಯಲ್ಲಿ ಆ ಹಾಳೆ ಇತ್ತು. ಪೆನ್ಸಿಲಿನ ಕಪ್ಪು ಒಂದು ಚೂರೂ ಇಲ್ಲ, ಬರೀ ಒತ್ತಿದ ಗೀರು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಸಣ್ಣ ಕೈ. ಕಿರುಬೆರಳು ಅರ್ಧ.

ಕಡಲಜ್ಜಿ ಹೋದ ಮೇಲೆ ಅಕ್ಕನನ್ನು ಇಟ್ಟುಕೊಳ್ಳುವವರು ಯಾರೂ ಇರಲಿಲ್ಲ. ಗಂಟೆಯಮ್ಮ ಗೇಟಿನ ತನಕ ಬಂದಳು, ಮುಖ ನೋಡಲಿಲ್ಲ. ಈಗ ಅಕ್ಕ ಪೇಟೆಯ ಒಂದು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಾಳೆ. ಮಗಳು ಕಾಜಾ ಹೊಲಿಯುತ್ತಾಳೆ, ಬೆರಳು ಚುರುಕು. ಶಾಲೆ ಅಲ್ಲಿಗೇ ನಿಂತಿತು.

ಒಂದೇ ಹಾಳೆ ಹಾಕಿದ್ದೆ. ಯಾರ ಮೇಲೆ ಬೇಕಾದರೂ ಆಣೆ ಇಟ್ಟು ಹೇಳುತ್ತೇನೆ. ನಂಬದಿದ್ದರೆ ಅಕ್ಕನ ಮನೆ ತೋರಿಸುತ್ತೇನೆ, ಹೋಗಿ ಟ್ರಂಕು ತೆಗೆಸಿ ನೋಡಿ. ಆ ಹಾಳೆಯನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿಟ್ಟಿದ್ದಾಳೆ. ವಾರಕ್ಕೊಂದು ಸಲ ಪೇಪರು ಬದಲಾಯಿಸುತ್ತಾಳೆ.

ಒದ್ದೆಯಾಗುತ್ತದಂತೆ. ಬೇಸಿಗೆಯಲ್ಲೂ.