ಬಟನ್ ಮುಚ್ಚಿದ ಭಾವಚಿತ್ರ

ವೇದಿಕೆಯ ಮೇಲಿರುವ ಅಧ್ಯಕ್ಷೆ ಮಹಾದೇವಕ್ಕನವರೇ, ಇಂದಿನ ಸನ್ಮಾನಿತೆ ಕುಮಾರಿ ಸ್ವಪ್ನಾ ಅವರೇ, ಜೋಯಿಡಾ, ಹಳಿಯಾಳಗಳಿಂದ ಬಸ್ಸು ಕಾದು ಬಂದ ಅತಿಥಿಗಳೇ, ಊಟದ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಕುಂಬಾರವಾಡದ ನಮ್ಮ ಗಡ್ಡೆಗೆಣಸು ಮಹಿಳಾ ಸಂಘಕ್ಕೆ ವೆಬ್‌ಸೈಟ್ ಬೇಕೆಂದು ಹಟ ಹಿಡಿದವನು ಗೌರವಾಧ್ಯಕ್ಷನಾದ ನಾನು, ಚನಬಸಪ್ಪ. ಅದರ ನೆತ್ತಿಯ ಮೇಲೆ ನನ್ನದೊಂದು ದೊಡ್ಡ ಭಾವಚಿತ್ರ ಇರಲಿ ಎಂದವನೂ ನಾನೇ. ತಪ್ಪೇನು? ನಮ್ಮ ಕಡೆ ಗೌರವಾಧ್ಯಕ್ಷರ ಫೋಟೋ ಇಲ್ಲದೆ ಗಣಪತಿ ಹಬ್ಬದ ಬ್ಯಾನರ್ ಕೂಡ ಮೇಲೇರುವುದಿಲ್ಲ. ದಾಂಡೇಲಿಯ ಮನೆಯ ಕಂಪ್ಯೂಟರಿನಲ್ಲಿ ದಿನವೂ ನೋಡಿ ನೋಡಿ ಸಂತೋಷಪಟ್ಟೆ.

ಆದರೆ ಆರ್ಡರ್? ಗೆಣಸು ಅಗೆಯುವ ಕಾಲ ಬಂದರೂ ಒಂದೂ ಇಲ್ಲ. ಮಹಾದೇವಕ್ಕ ಬಂದು, “ಸಾಹೇಬ್ರ, ಅಗದಿಟ್ಟ ಗಡ್ಡಿ ಕೊಳೀಲಿಕ್ಕ ಹತ್ಯಾವ. ಹೆಣ್ಮಕ್ಕಳು ಮತ್ತ ದಲ್ಲಾಳಿ ಕಡೆ ಹೊಂಟಾರ. ಸಂಘ ಮುಚ್ಚೂಣು,” ಎಂದರು. ಜನರಿಗೆ ಗೆಣಸಿನ ರುಚಿಯೇ ಗೊತ್ತಿಲ್ಲ ಎಂದುಬಿಟ್ಟೆ. ಒಳಗೊಳಗೆ ನನಗೂ ಸಂಕಟವಾಗಿತ್ತು.

ಆಗ ಬಂದವಳು ಸ್ವಪ್ನಾ. ಕಾಗದ ಕಾರ್ಖಾನೆಯಲ್ಲಿ ನನ್ನ ಜೊತೆ ದುಡಿದ ಮಲಕಪ್ಪನ ಮಗಳು, ವೆಬ್‌ಸೈಟ್ ಕೆಲಸ ಬಲ್ಲವಳು. ನನ್ನ ಕಂಪ್ಯೂಟರ್ ಮುಟ್ಟಲಿಲ್ಲ. ನನ್ನ ಹೆಂಡತಿ ಅನ್ನಪೂರ್ಣಾಳ ಹಳೆಯ ಮೊಬೈಲಿನಲ್ಲಿ ವೆಬ್‌ಸೈಟ್ ತೆರೆದಳು. ಅನ್ನಪೂರ್ಣಾ ಇಣುಕಿ ನೋಡಿ, “ಅಯ್ಯ, ನಿಮ್ಮ ಮಾರಿ ಬಿಟ್ರ ಏನೂ ಕಾಣಂಗಿಲ್ಲಲ್ರೀ!” ಎಂದಳು.

“ಹೌದ್ರಿ ಕಾಕಾ, ಆರ್ಡರ್ ಬಟನ್ ನಿಮ್ಮ ಫೋಟೋದ ಹಿಂದ ಸಿಕ್ಕೊಂಡೈತಿ. ಹಳೇ ಮೊಬೈಲ್ ಬ್ರೌಸರ್‌ದಾಗ ಹಿಂಗ ಆಗ್ತೈತಿ, ಮಂದಿ ಹೆಚ್ಚು ನೋಡೋದು ಇಂಥಾದ್ರಾಗ,” ಎಂದಳು ಸ್ವಪ್ನಾ.

“ಫೋಟೋ ಮಾತ್ರ ತೆಗೀಬ್ಯಾಡವಾ,” ಎಂದೆ. ಹುಡುಗಿ ವೆಬ್‌ಸೈಟಿಗೆ ಪ್ಲಗಿನ್ ಎಂಬ ಒಂದು ಪುಟ್ಟ ತಂತ್ರಾಂಶ ಕೂಡಿಸಿದಳು. ಪುಟದಲ್ಲಿ ಯಾವುದು ಎಲ್ಲಿ, ಎಷ್ಟು ದೊಡ್ಡದಾಗಿ ಕೂರಬೇಕೆಂದು ಹೇಳುವುದು ಸ್ಟೈಲ್‌ಶೀಟ್. ಬಂದ ಬ್ರೌಸರ್ ಯಾವುದೆಂದು ನೋಡಿ ಅದಕ್ಕೆ ತಕ್ಕ ಸ್ಟೈಲ್‌ಶೀಟ್ ಕೊಡುವುದು ಆ ಪ್ಲಗಿನ್ನಿನ ಕೆಲಸ. ಪಂಕ್ತಿಯಲ್ಲಿ ಹಲ್ಲಿಲ್ಲದವನಿಗೆ ರೊಟ್ಟಿಯ ಬದಲು ಮೆತ್ತಗಿನ ಅನ್ನ ಬಡಿಸಿದಂತೆ.

ಆರ್ಡರ್ ಬಂದವು, ಸ್ವಾಮಿ! ಧಾರವಾಡದಿಂದ ಬಂದವು, ಬೆಳಗಾವಿಯಿಂದ ಬಂದವು. ಕುಂಬಾರವಾಡದ ಬಸ್ಸಿನಲ್ಲಿ ಈಗ ಜನರಿಗಿಂತ ಗೆಣಸಿನ ಚೀಲಗಳೇ ಹೆಚ್ಚು. ದಲ್ಲಾಳಿಯ ಕಡೆ ಹೋದವರೂ ಸಂಘಕ್ಕೆ ತಿರುಗಿ ಬಂದರು. ಇದೆಲ್ಲ ನನ್ನ ಮುಖ ನೋಡಿಯೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಿನ್ನೆ ಹೆಂಡತಿಯ ಮೊಬೈಲ್ ನೋಡುತ್ತೇನೆ: ಗೆಣಸು ಇದೆ, ಬೆಲೆ ಇದೆ, ಬಟನ್ ಇದೆ. ನಾನೇ ಇಲ್ಲ! ನನ್ನ ಕಂಪ್ಯೂಟರಿನಲ್ಲಿ ಮಾತ್ರ ಮೊದಲಿನಂತೆಯೇ ಇದ್ದೇನೆ.

“ಈಗ ಎಷ್ಟ್ ಚಲೋ ಕಾಣ್ತೈತಲ್ರೀ,” ಎಂದಳು ಅನ್ನಪೂರ್ಣಾ.

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ? ಆಮೇಲೆ ನಗು ಬಂತು. ಸ್ವಪ್ನಾ, ಈ ಶಾಲು ಹೊದ್ದುಕೋ ತಾಯಿ. ನಾಳೆ ಬಂದು ನನ್ನ ಕಂಪ್ಯೂಟರಿನ ಪುಟದಿಂದಲೂ ನನ್ನನ್ನು ತೆಗೆದುಬಿಡು. ಆ ಜಾಗದಲ್ಲಿ ಮಹಾದೇವಕ್ಕ ಗಡ್ಡೆ ಹಿಡಿದು ನಿಂತ ಫೋಟೋ ಹಾಕು. ಸಂಘ ಅವರದು.

ಇಷ್ಟು ಹೊತ್ತು ತಾಳಿಕೊಂಡ ನಿಮ್ಮೆಲ್ಲರಿಗೂ ಉಪಕಾರ. ನಮಸ್ಕಾರ.